ಹಳೇ ನಂಬರು, ಹೊಸ ಬೋರ್ಡು

ಎರಡು ಸಾವಿರದ ಏಳರ ಆಸುಪಾಸಿನಲ್ಲಿ ನಾನು ರಾಜಾಜಿನಗರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೆ. ಹೆಂಗಸು ರಿಪೇರಿ ಮಾಡ್ತಾಳೆ ಅಂದ್ರೆ ಜನ ಇನ್ನೂ ಕತ್ತು ಚಾಚಿ ನೋಡುತ್ತಿದ್ದ ಕಾಲ. ಕೌಂಟರಿಗೆ ಬಂದವರು “ಇಂಜಿನಿಯರ್ ಇಲ್ವಾ ಮೇಡಂ?” ಅನ್ನೋರು. “ಇದ್ದಾರೆ ಸಾರ್, ನಿಮ್ಮೆದುರಿಗೇ ನಿಂತಿದ್ದಾರೆ” ಅನ್ನುತ್ತಿದ್ದೆ. ನನಗೆ ಬಾಯಿ ಸ್ವಲ್ಪ ಜಾಸ್ತಿ, ಒಪ್ಕೋತೀನಿ. ಡಿಪ್ಲೊಮಾ ಮುಗಿಸಿ, ಬಸವೇಶ್ವರನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಒಂದು ಕಂಪನಿಯ ಸರ್ವೀಸ್ ಸೆಂಟರಿನ ಮೊದಲ ಮಹಡಿಯಲ್ಲಿ ಕೂತು ಸ್ಕ್ರೂ ಬಿಚ್ಚೋದು ನನ್ನ ಕೆಲಸ. ಕೆಳಗಡೆ ಸ್ಟೀಲ್ ಪಾತ್ರೆ ಅಂಗಡಿ. ಅವರು ಚೊಂಬು ತಟ್ಟಿ ತಟ್ಟಿ ಗಿರಾಕಿಗೆ ತೋರಿಸುವ ಸದ್ದು ಇಡೀ ದಿನ ಮೇಲಕ್ಕೆ ಬರುತ್ತಿತ್ತು.

ಕೆಲಸದಲ್ಲಿ ನನಗೊಂದು ಜಂಬ ಇತ್ತು. ಅದು ಏನು ಅಂತ ಮೊದಲು ಹೇಳಿಬಿಡಬೇಕು, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ.

ಪ್ರತಿ ಲ್ಯಾಪ್‌ಟಾಪಿನ ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತೆ, ಅದರ ಮೇಲೆ ಸೀರಿಯಲ್ ನಂಬರು. ಅದೇ ನಂಬರು ಒಳಗೆ ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲೂ ಬರೆದಿರುತ್ತೆ. ಬೋರ್ಡು ಕೆಟ್ಟು ಹೊಸದು ಹಾಕಿದರೆ, ಆ ಹೊಸದಕ್ಕೆ ನಂಬರೇ ಇರುವುದಿಲ್ಲ. ಆನ್ ಮಾಡಿದ ಕೂಡಲೇ ಎರಡು ಸಲ ಕೀಂಯ್ ಅಂದು, ನನಗೆ ನಂಬರಿಲ್ಲ ಅಂತ ದೂರು ಕೊಡುತ್ತೆ. ನಮ್ಮ ಸೆಂಟರಿನ ಉಳಿದವರು “ಎಂಟರ್ ಒತ್ತಿ ಮುಂದೆ ಹೋಗಿ ಸಾರ್, ಏನೂ ಆಗಲ್ಲ” ಅಂತ ಸಾಗಹಾಕುತ್ತಿದ್ದರು. ನನಗೆ ಅದು ಆಗದು. ಕಂಪನಿ ಕೊಟ್ಟ ಡಿಸ್ಕ್ ಹಾಕಿ, ಹಳೇ ನಂಬರನ್ನು ಹೊಸ ಬೋರ್ಡಿಗೆ ಒಂದೊಂದೇ ಅಕ್ಷರ ನೋಡಿ ಬರೆದು, ತಳದ ಸ್ಟಿಕ್ಕರಿಗೆ ತಾಳೆ ಹಾಕಿ, ಆಮೇಲೆ ಗಿರಾಕಿಗೆ ಕೊಡುತ್ತಿದ್ದೆ. “ನೋಡಿ, ನಿಮ್ಮದೇ ಮೆಷಿನ್” ಅನ್ನುತ್ತಿದ್ದೆ. ಆ ಮಾತು ಹೇಳುವಾಗ ನನಗಾಗುತ್ತಿದ್ದ ಖುಷಿ ಸಂಬಳದ ದಿನವೂ ಆಗುತ್ತಿರಲಿಲ್ಲ.

ಅದೇ ಬೋರ್ಡಿನ ಮೇಲೆ ಇನ್ನೊಂದು ಚಿಪ್ಪು ಇರುತ್ತಿತ್ತು, ಸೆಕ್ಯುರಿಟಿ ಚಿಪ್. ಮೆಷಿನ್ನಿನವರು ಯಾರಾದರೂ ಫೈಲುಗಳಿಗೆ ಬೀಗ ಹಾಕಿದರೆ, ಬೀಗ ತೆಗೆಯುವ ಗುಟ್ಟು ಆ ಚಿಪ್ಪಿನೊಳಗೇ ಹುಟ್ಟಿ ಅಲ್ಲೇ ಉಳಿಯುತ್ತೆ. ಹೊರಗೆ ಬರುವುದಿಲ್ಲ, ನಕಲು ಆಗುವುದಿಲ್ಲ. ಸೀರಿಯಲ್ ನಂಬರನ್ನು ನಾನು ಎಷ್ಟು ಬೋರ್ಡಿಗೆ ಬೇಕಾದರೂ ಬರೆಯಬಲ್ಲೆ. ಆ ಗುಟ್ಟನ್ನು ಕಂಪನಿ ಕಟ್ಟಿದವನೇ ಬಂದರೂ ಬರೆಯಲಾರ. ಆಗಿನ ಕಾಲಕ್ಕೆ ನಮ್ಮ ಗಿರಾಕಿಗಳಲ್ಲಿ ಅದನ್ನು ಬಳಸುತ್ತಿದ್ದವರು ತೀರಾ ಕಮ್ಮಿ. ಚಿಪ್ ಒಂದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಕೆಟ್ಟ ಬೋರ್ಡನ್ನು ನಾವು ಕಂಪನಿಯ ಡಿಪೋಗೆ ವಾಪಸ್ ಕಳಿಸಬೇಕಿತ್ತು. ಕಳಿಸುವ ಮುಂಚೆ ಗಿರಾಕಿಯನ್ನು ಕೇಳಿ, ಸೆಕ್ಯುರಿಟಿ ಚಿಪ್ಪನ್ನು ಅಳಿಸಬೇಕು ಅಂತ ನಿಯಮ, ಅವರ ಗುಟ್ಟು ಯಾರ ಕೈಗೂ ಸಿಗದಿರಲಿ ಅಂತ. ಸತ್ತ ಬೋರ್ಡನ್ನು ಯಾರು ಅಳಿಸ್ತಾರೆ? ಎಲ್ಲರೂ ಹಾಗೇ ಡಬ್ಬಕ್ಕೆ ತುಂಬಿ ಕಳಿಸುತ್ತಿದ್ದರು. ನಾನು ಮಾತ್ರ ಸತ್ತಿದ್ದಕ್ಕೂ ಗಾಳಿ ಬೀಸಿ, ತಣ್ಣಗೆ ಮಾಡಿ, ಒಂದೆರಡು ನಿಮಿಷಕ್ಕಾದರೂ ಎಬ್ಬಿಸಿ ಅಳಿಸಿಯೇ ಕಳಿಸುತ್ತಿದ್ದೆ. ಅಮ್ಮ ನನ್ನನ್ನು ಅತಿಜಾಣೆ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಒಂದು ದಿನ ಮಧ್ಯಾಹ್ನ ವಿಜಯನಗರದಿಂದ ಒಬ್ಬ ಲೆಕ್ಚರರ್ ಬಂದರು. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವರು, ನಲವತ್ತರ ಹೆಂಗಸು, ಸೆರಗಿನ ತುದಿಯಲ್ಲಿ ಚಾಕ್‌ಪೀಸಿನ ಪುಡಿ. ಬಾಯಿ ಬಿಟ್ಟ ಕೂಡಲೇ ಬಾಗಲಕೋಟೆ ಕಡೆಯವರು ಅಂತ ತಿಳಿಯಿತು.

“ಚಾಲೂ ಆಗ್ತದರಿ. ಸ್ವಲ್ಪ ಹೊತ್ತು ನಡೀತದ, ಆಮ್ಯಾಲೆ ಫಟ್ ಅಂತ ಬಂದ್ ಆಗ್ತದ.”

ಬಿಚ್ಚಿ ನೋಡಿದೆ. “ಬೋರ್ಡ್ ಹೋಗಿದೆ ಮೇಡಂ. ವಾರಂಟಿ ಇದೆ, ಹೊಸದು ಹಾಕ್ಕೊಡ್ತೀವಿ.”

“ಒಳಗಿಂದು ಏನೂ ಹೋಗೂದಿಲ್ಲಲ್ರೀ?”

“ನಿಮ್ಮ ಫೈಲೆಲ್ಲಾ ಹಾರ್ಡ್ ಡಿಸ್ಕಲ್ಲಿ ಇರುತ್ತೆ. ಅದನ್ನ ನಾವು ಮುಟ್ಟೋದೇ ಇಲ್ಲ.”

“ನಮ್ಮಪ್ಪನ ದನಿ ಐತ್ರೀ ಅದರಾಗ” ಅಂದರು.

ಕೌಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ, ಹಾಗಾಗಿ ಅವರು ಹೇಳಿದರು, ನಾನು ಕೇಳಿದೆ. ಅವರಪ್ಪ ಯಶವಂತಪುರದ ಈರುಳ್ಳಿ ಯಾರ್ಡಿನಲ್ಲಿ ಹರಾಜು ಕೂಗುವವರು. ಮೂಟೆ ಸಾಲಿನ ಮೇಲೆ ನಿಂತು ಕೂಗಿದರೆ ಗೇಟಿನ ಹೊರಗಿನ ಟೀ ಅಂಗಡಿಯವರಿಗೂ ಇವತ್ತಿನ ರೇಟು ಗೊತ್ತಾಗುತ್ತಿತ್ತಂತೆ. ಗಂಟಲಿಗೆ ಕ್ಯಾನ್ಸರ್ ಆಯ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಅಂದರು ಡಾಕ್ಟರು. ಆಪರೇಷನ್ನಿಗೆ ಮುಂಚಿನ ವಾರ ಮಗಳು ಅಪ್ಪನನ್ನು ಈ ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಮಾತಾಡಿಸಿದ್ದರು. ಈರುಳ್ಳಿ ಹರಾಜು ಕೂಗಿಸಿದ್ದರು. ಚಿಕ್ಕವಳಿದ್ದಾಗ ಊಟಕ್ಕೆ ಕರೆಯುತ್ತಿದ್ದ ಹಾಗೆ ಕರೆಸಿದ್ದರು. ಬೈಸಿದ್ದರು ಕೂಡ. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯ್ತು.

“ಹ್ಯಾಂಗ ಬೈತಿದ್ದಿ, ಹಂಗs ಬೈಯಿ ಅಂದೆ. ಬೈಯಾಕ ಬರವಲ್ದು, ನಗಾಕತ್ತಿದ್ರು.” ಹೇಳುತ್ತಾ ಇವರೂ ನಕ್ಕರು. “ಈಗ ದಿನಾ ಸಂಜಿಗೆ ಅಡಿಗಿ ಮಾಡೂವಾಗ ಹಚ್ಚತೀನ್ರೀ ಅದನ್ನ. ಇಲ್ಲಂದ್ರ ಅನ್ನ ಇಳಿಯೂದಿಲ್ಲ.”

ನಾನು ಆಗ ಒಂದು ಪ್ರಶ್ನೆ ಕೇಳಬೇಕಿತ್ತು. ಫೈಲುಗಳಿಗೆ ಬೀಗ ಏನಾದರೂ ಹಾಕಿದ್ದೀರಾ ಅಂತ. ಇಷ್ಟೇ. ಕೇಳಲಿಲ್ಲ. ಈರುಳ್ಳಿ, ಅಪ್ಪ, ಅಡುಗೆ ಅಂತ ಮಾತಾಡುವ ಹೆಂಗಸು ಸೆಕ್ಯುರಿಟಿ ಚಿಪ್ ಬಳಸಿರಲಾರರು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ನನ್ನನ್ನು ನೋಡಿ “ಇಂಜಿನಿಯರ್ ಇಲ್ವಾ” ಅಂದವರ ಮೇಲೆ ಉರಿದು ಬೀಳುತ್ತಿದ್ದವಳು, ನಾನು ಮಾಡಿದ್ದೂ ಅದೇ ಅಲ್ವಾ.

ಹೊಸ ಬೋರ್ಡು ಬಂದ ದಿನ ಹಳೆಯದನ್ನು ಡಿಪೋಗೆ ಕಳಿಸುವ ಕೊರಿಯರ್ ಸಂಜೆಗೆ ಬರುವುದಿತ್ತು. ಚಿಪ್ ಅಳಿಸುವ ಮುಂಚೆ ಮೇಡಂಗೆ ಫೋನ್ ಮಾಡಿದೆ. ರಿಂಗಾಯ್ತು, ಎತ್ತಲಿಲ್ಲ. ಕ್ಲಾಸಿನಲ್ಲಿರಬೇಕು. ಇನ್ನೊಮ್ಮೆ ಮಾಡಿದೆ. ಆಮೇಲೆ, ಏನು ಮಹಾ, ಅವರ ಒಳ್ಳೇದಕ್ಕೇ ತಾನೇ ಅಂದುಕೊಂಡು ಹಳೇ ಬೋರ್ಡನ್ನು ತಣ್ಣಗೆ ಮಾಡಿ ಎಬ್ಬಿಸಿದೆ. ಅದೂ ಪಾಪ ಎದ್ದಿತು. ಅಳಿಸು ಅಂದೆ. ನಿಜವಾಗಿಯೂ ಅಳಿಸಲಾ, ಮತ್ತೆ ಬರಲ್ಲ ಅಂತ ಕೇಳಿತು. ಹೂಂ ಅಂದೆ. ಅಳಿಸಿ, ಮರುಕ್ಷಣವೇ ಮತ್ತೆ ಸತ್ತು ಹೋಯ್ತು. ಹೊಸ ಬೋರ್ಡು ಕೂರಿಸಿ, ಹಳೇ ನಂಬರು ಬರೆದು, ಸ್ಟಿಕ್ಕರ್ ತಾಳೆ ನೋಡಿ, ಪರದೆ ಒರೆಸಿ ಇಟ್ಟೆ.

ಮಾರನೇ ದಿನ ಅವರು ಬಂದರು. “ನೋಡಿ ಮೇಡಂ, ನಿಮ್ಮದೇ ಮೆಷಿನ್” ಅಂದೆ. ನಿಂತಲ್ಲೇ ಆನ್ ಮಾಡಿದರು. ಎಲ್ಲಾ ಬಂತು. ಆಮೇಲೆ ಒಂದು ಫೋಲ್ಡರಿನ ಮೇಲೆ ಒತ್ತಿ, ಹೆಬ್ಬೆರಳನ್ನು ಕೀಬೋರ್ಡಿನ ಪಕ್ಕದ ಬೆರಳಚ್ಚಿನ ಪಟ್ಟಿಯ ಮೇಲೆ ಎಳೆದರು.

ಆ ಹೆಬ್ಬೆರಳು ನೋಡಿದ್ದೇ ನನಗೆ ಗೊತ್ತಾಯ್ತು, ಇದು ಸೆಕ್ಯುರಿಟಿ ಚಿಪ್ಪಿನ ಬೀಗ.

ಫೋಲ್ಡರ್ ತೆರೆಯಲಿಲ್ಲ. ಬೆರಳು ಸೀರೆಗೆ ಒರೆಸಿಕೊಂಡು ಮತ್ತೆ ಎಳೆದರು. ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಅವರಿಗಿತ್ತಂತೆ, ಅದಕ್ಕೇ ಕಾಲೇಜಿನ ಕಂಪ್ಯೂಟರ್ ಲ್ಯಾಬಿನವರು ಈ ಬೀಗ ಹಾಕಿಕೊಟ್ಟಿದ್ದರಂತೆ. ಬ್ಯಾಂಕಿನ ಲಾಕರಿಗಿಂತ ಭದ್ರ ಅಂದಿದ್ದರಂತೆ. ಇದ್ದುದರಲ್ಲಿ ಭದ್ರವಾದ ಜಾಗ ಅಂತ ಅಪ್ಪನ ದನಿಯನ್ನೂ ಅದರೊಳಗೇ ಇಟ್ಟಿದ್ದರು. ಸೀಡಿಗೆ ಹಾಕಿಟ್ಟರೆ ಗೀರು ಬಿದ್ದು ಹಾಳಾಗುತ್ತೆ ಅಂತ ಬೇರೆ ಕಡೆ ಎಲ್ಲೂ ಇಟ್ಟಿರಲಿಲ್ಲ.

ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದೆ. ಹಳೇ ಬೋರ್ಡನ್ನು ಎಲ್ಲರ ಹಾಗೆ ಸುಮ್ಮನೆ ಡಬ್ಬಕ್ಕೆ ಎಸೆದಿದ್ದರೆ, ಡಿಪೋಗೆ ಓಡಿಯಾದರೂ ತಂದು, ಒಂದೈದು ನಿಮಿಷ ಎಬ್ಬಿಸಿ, ಬೀಗ ತೆಗೆದು, ದನಿಯನ್ನು ಹೊರಗೆ ತರಬಹುದಿತ್ತು. ಸೋಮಾರಿಯಾಗಿದ್ದರೆ ಆ ಹೆಂಗಸಿಗೆ ಅಪ್ಪನ ದನಿ ಉಳಿಯುತ್ತಿತ್ತು.

ನಾನು ಬಾಯಿ ತೆಗೆಯುವಷ್ಟರಲ್ಲಿ ನಮ್ಮ ಸೆಂಟರ್ ಇನ್‌ಚಾರ್ಜ್ ಬಂದ. ಮಾತಿಗೆ ಬೆಣ್ಣೆ ಸವರುವ ಮನುಷ್ಯ. ನನ್ನ ಮುಖ ನೋಡಿದ, ಪರದೆ ನೋಡಿದ, ಎಲ್ಲಾ ಅರ್ಥ ಮಾಡಿಕೊಂಡ.

“ಮೇಡಂ, ಈ ಬೀಗ ಹಾಕುವಾಗ ಒಂದು ರಿಕವರಿ ಪಾಸ್‌ವರ್ಡ್ ಕೊಟ್ಟಿರ್ತೀರಲ್ಲ, ನೆನಪಿದೆಯಾ?”

“ರಿಕವರಿ... ಕೊಟ್ಟಿದ್ದೆ ಏನೋ. ನೆನಪಿಲ್ರೀ.”

“ನಿಧಾನವಾಗಿ ನೆನಪು ಮಾಡ್ಕೊಳ್ಳಿ. ನೆನಪಾದರೆ ಎಲ್ಲಾ ಸರಿ ಹೋಗುತ್ತೆ.”

ಹಸೀ ಸುಳ್ಳು. ರಿಕವರಿ ಬೇಕಾದರೆ ಬೀಗ ಹಾಕುವಾಗಲೇ ಬದಲಿ ಕೀಲಿಯ ಒಂದು ಫೈಲ್ ಮಾಡಿಟ್ಟಿರಬೇಕು. ಅವರ ಡಿಸ್ಕಿನಲ್ಲಿ ಅಂಥದ್ದು ಇರಲಿಲ್ಲ, ನಾನು ಅಲ್ಲೇ ಹುಡುಕಿ ನೋಡಿದ್ದೆ. ಇನ್ನು ಯಾವ ಪಾಸ್‌ವರ್ಡ್ ಹಾಕಿದರೂ ಅದು ಖಾಲಿ ಮನೆಯ ಬಾಗಿಲು ತಟ್ಟಿದಂತೆ. ಮೇಡಂ ಹಣೆ ಹಿಡಿದುಕೊಂಡು ನಿಂತಿದ್ದರು. “ನಂದs ತಪ್ಪು. ಎಲ್ಲೆರ ಬರದ ಇಟ್ಟಕೋಬೇಕಿತ್ತು” ಅಂದರು. ನಾನು ಅವರ ಮುಂದೆ ನಿಂತು, ನನ್ನ ಇಷ್ಟುದ್ದ ಬಾಯಿ ಮುಚ್ಚಿಕೊಂಡು, ಚಾರ್ಜರ್ ಸುತ್ತಿ ಬ್ಯಾಗಿಗೆ ಹಾಕಿಕೊಟ್ಟೆ.

ಅವರು ಮೆಟ್ಟಿಲಿಳಿದ ಮೇಲೆ ಇನ್‌ಚಾರ್ಜ್ ಹತ್ತಿರ ಜಗಳಕ್ಕೆ ನಿಂತೆ. “ಏನಮ್ಮಾ, ನಾವೇ ಅಳಿಸಿದ್ವಿ ಅಂತ ಹೇಳೋಣ್ವಾ? ಕೇಳದೆ ಅಳಿಸಿದ್ದು ನೀನು. ಕಂಪನಿಯವರು ಮೊದಲು ನಿನ್ನ ಕಳಿಸ್ತಾರೆ, ಆಮೇಲೆ ನನ್ನ” ಅಂದ. ಮೆತ್ತಗೇ ಅಂದ, ಬೈಯಲಿಲ್ಲ. ನಮ್ಮಪ್ಪ ರಿಟೈರ್ ಆಗಿದ್ದರು, ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಸುಮ್ಮನಾದೆ. ಹೆದರಿ ಸುಮ್ಮನಾದೆ, ಬೇರೆ ಕಾರಣ ಹುಡುಕಲ್ಲ.

ಆಮೇಲೆ ಶುರುವಾಯ್ತು ಫೋನು. ಮೂರ್ನಾಲ್ಕು ದಿನಕ್ಕೊಮ್ಮೆ ನನ್ನ ಮೊಬೈಲಿಗೇ ಮಾಡುತ್ತಿದ್ದರು, ಅಷ್ಟು ನಂಬಿಕೆ.

“ಅಪ್ಪನ ಊರಿನ ಹೆಸರು ಇರಬಹುದೇನ್ರೀ?”

“ಟ್ರೈ ಮಾಡಿ ಮೇಡಂ.”

“ನಮ್ಮ ಅವ್ವನ ಹೆಸರು ಇಟ್ಟಿರಬೇಕು ಅಂತ ಈಗ ಹೊಳೀತು. ಅವ್ವ ತೀರಿಕೊಂಡಿದ್ದು ಅದೇ ವರ್ಷ.”

“ಟ್ರೈ ಮಾಡಿ ಮೇಡಂ.”

ಒಂದು ಸಲ ನಗುತ್ತಾ ಮಾಡಿದರು. “ನೀವು ನಗಬ್ಯಾಡ್ರಿ. ಸಣ್ಣಾಕಿ ಇದ್ದಾಗ ನಮ್ಮ ಮನ್ಯಾಗ ಒಂದು ಎಮ್ಮಿ ಇತ್ತು. ನಾ ಅದಕ್ಕ ಒಂದು ಹೆಸರು ಇಟ್ಟಿದ್ದೆ, ಮನ್ಯಾಗೂ ಯಾರಿಗೂ ಗೊತ್ತಿಲ್ಲ.” ಹೆಸರು ಹೇಳಿದರು. ಎಮ್ಮೆಗೆ ಇಡುವ ಹೆಸರೇ ಅಲ್ಲ, ಮುದ್ದು ಮಗುವಿಗೆ ಇಡುವಂಥದ್ದು. “ಅದನ್ನ ಹಾಕಲ್ಯಾ?”

“ಟ್ರೈ ಮಾಡಿ ಮೇಡಂ” ಅಂದೆ. ಥೂ ನನ್ನ ಬಾಯಿಗಿಷ್ಟು!

ಮನೆಯಲ್ಲಿ ಅಮ್ಮ “ಏನೇ, ಮೊಬೈಲ್ ಹೊಡ್ಕೊಂಡ್ರೆ ಹಾವು ಕಂಡ ಹಾಗೆ ಆಡ್ತೀಯ, ಯಾರ್ದೇ ಅದು?” ಅಂತ ವಿಚಾರಣೆ ಶುರು ಮಾಡಿದರು. ಯಾವನೋ ಹುಡುಗ ಹಿಂದೆ ಬಿದ್ದಿದ್ದಾನೆ ಅಂತ ಅವರ ಗುಮಾನಿ. ಸೆಂಟರಿನಲ್ಲಿ ಯಾರಾದರೂ “ಬೋರ್ಡು” ಅಂದರೆ ಸಾಕು, ನನಗೇ ಹೇಳಿದರೇನೋ ಅಂತ ತಿರುಗಿ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಗಿತ್ತು ನನ್ನ ಸ್ಥಿತಿ. ಹೊಸ ಬೋರ್ಡಿಗೆ ಹಳೇ ನಂಬರು ಬರೆಯುವುದನ್ನು ಮಾತ್ರ ಬಿಡಲಿಲ್ಲ. “ನಿಮ್ಮದೇ ಮೆಷಿನ್” ಅನ್ನುವುದನ್ನು ಬಿಟ್ಟೆ.

ಕೊನೆಗೆ ಒಂದು ಶನಿವಾರ ಬಂದ ಫೋನು ನನ್ನನ್ನು ಕೂರಲು ನಿಲ್ಲಲು ಬಿಡಲಿಲ್ಲ. ಅವತ್ತು ಅವರು ಹೆಸರು ಯಾವುದೂ ಹೇಳಲಿಲ್ಲ.

“ನಾ ಡಾಕ್ಟರ್ ಕಡೆ ಹೋಗಿದ್ದೆ. ನೆನಪಿನ ಶಕ್ತಿಗೆ ಗುಳಿಗಿ ಕೊಟ್ಟಾರ. ಮನ್ಯಾಗ ಒಂದೆಲಗ ಸೊಪ್ಪು ಅರದು ಕುಡ್ಯಾಕತ್ತೀನಿ. ಕ್ಲಾಸಿನ್ಯಾಗೂ ನಡಬರಕ ಪಾಠ ಮರತ ನಿಂದರತೀನ್ರೀ. ಮೊದಲ ಹಿಂಗಿರಲಿಲ್ಲ ನಾ.”

ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗಟ್ಟಿಮುಟ್ಟಾದ ಹೆಂಗಸು, ತಾನು ಎಂದೂ ಇಡದ ಪಾಸ್‌ವರ್ಡನ್ನು ಮರೆತೆ ಅಂತ ಮಾತ್ರೆ ನುಂಗುತ್ತಿದ್ದಾರೆ. ದನಿಯನ್ನಂತೂ ತಿಂದು ನೀರು ಕುಡಿದಾಗಿತ್ತು, ಈಗ ತಲೆಯನ್ನೂ ತಿನ್ನುತ್ತಿದ್ದೆ. ಮಾರನೇ ದಿನ ಭಾನುವಾರ. ಕೆಲಸ ಹೋದ್ರೆ ಹೋಗ್ಲಿ, ಹಾಳಾಗಿ ಹೋಗ್ಲಿ ಅಂತ ಬಸ್ ಹತ್ತಿದೆ.

ಮಾಗಡಿ ರೋಡ್ ಟೋಲ್‌ಗೇಟಿನಲ್ಲಿ ಇಳಿದು, ರಿಪೇರಿ ಚೀಟಿಯಿಂದ ಬರೆದುಕೊಂಡಿದ್ದ ವಿಳಾಸ ಹಿಡಿದು ಹೂವಿನವರನ್ನು, ಪೇಪರ್ ಅಂಗಡಿಯವರನ್ನು ಕೇಳಿಕೊಂಡು ಹೋದರೆ ಎರಡನೇ ಅಡ್ಡರಸ್ತೆಯ ಒಳಗೆ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಅವರಪ್ಪ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ನಾನು ಅಂದುಕೊಂಡಷ್ಟು ಎತ್ತರದ ಆಳಲ್ಲ. ಕುತ್ತಿಗೆಗೆ ಬಿಳೀ ವಸ್ತ್ರ ಸುತ್ತಿಕೊಂಡಿದ್ದರು, ಹಣೆ ಮೇಲೆ ವಿಭೂತಿ. ಕೈಸನ್ನೆ ಮಾಡಿ ಒಳಗೆ ಕರೆದರು. ಸೊಪ್ಪಿನ ಚೀಲದ ಥರ ಕೈಯಲ್ಲಿ ತೋರಿಸಿ, ಮಗಳು ಮಾರ್ಕೆಟ್ಟಿಗೆ ಹೋಗಿದ್ದಾಳೆ ಅಂತ ತಿಳಿಸಿದರು.

ಮಗಳು ಬರುವವರೆಗೂ ಕಾಯಬೇಕಿತ್ತು. ಆದರೆ ಆಗಲಿಲ್ಲ, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದು ಹೊರಗೆ ಬಂದುಬಿಟ್ಟಿತು. ನಾನು ರಿಪೇರಿಯವಳು, ನಿಮ್ಮ ದನಿ ಇದ್ದ ಲ್ಯಾಪ್‌ಟಾಪಿನ ಕೀಲಿ ಅಳಿಸಿದ್ದು ನಾನು, ಮೇಡಂ ಏನೂ ಮರೆತಿಲ್ಲ, ಅದು ಇನ್ನು ಯಾವತ್ತೂ ಬರಲ್ಲ. ಅಷ್ಟೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ನನ್ನನ್ನೇ ನೋಡಿದರು. ಕಿಟಕಿ ಕಟ್ಟೆಯ ಮೇಲಿದ್ದ, ಸಣ್ಣ ಟಾರ್ಚಿನ ಥರದ ಒಂದು ಯಂತ್ರ ತೆಗೆದುಕೊಂಡು ಕುತ್ತಿಗೆಯ ಪಕ್ಕಕ್ಕೆ ಒತ್ತಿ ಹಿಡಿದು ಬಾಯಿ ಆಡಿಸಿದರು. ಜೀರುಂಡೆ ಗುಂಯ್ ಅಂದ ಹಾಗೆ, ಏರಿಳಿತ ಇಲ್ಲದ ಮಾತು ಬಂತು. ಮೊದಲ ಸಲ ನನಗೆ ಏನೂ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು.

“ಖರೇನ ಹೋತಾ?”

“ಹೋಯ್ತು ಅಪ್ಪಾಜಿ.”

ಅವರ ಭುಜ ಕುಲುಕಾಡತೊಡಗಿತು. ಬಾಯಿಂದ ಸದ್ದಿಲ್ಲ, ಕುತ್ತಿಗೆಯ ವಸ್ತ್ರ ಮಾತ್ರ ಉಬ್ಬಿ ಇಳಿಯುತ್ತಿತ್ತು. ಅಳ್ತಿದ್ದಾರೆ ಅಂತ ಗಾಬರಿಯಾಗಿ ಎದ್ದು ನಿಂತೆ. ಅಳುತ್ತಿರಲಿಲ್ಲ. ನಗುತ್ತಿದ್ದರು.

“ಕುಂಡ್ರವಾ” ಅಂದರು ಯಂತ್ರದಲ್ಲಿ. ಆಮೇಲೆ ತಡೆದು ತಡೆದು, ನನಗೆ ತಿಳಿಯದಿದ್ದಾಗ ಮತ್ತೆ ಹೇಳುತ್ತಾ, ಇಷ್ಟು ಹೇಳಿದರು:

“ಸಂಜಿಗೆ ಮಗಳು ಬರತಾಳ. ಆ ಡಬ್ಬಿ ಹಚ್ಚತಾಳ. ನಾ ಏನರ ಅನ್ನಾಕ ಹೋದ್ರ, ಸುಮ್ಮನಿರಪಾ, ಕೇಳಾಕತ್ತೀನಿ ಅಂತಾಳ. ನನ್ನ ದನಿ ಕೇಳಾಕ, ನನಗs ಸುಮ್ಮನಿರು ಅಂತಾಳ.”

ಯಂತ್ರವನ್ನು ತೊಡೆಯ ಮೇಲೆ ಇಳಿಸಿ ಕುತ್ತಿಗೆಯ ವಸ್ತ್ರ ಸರಿಮಾಡಿಕೊಂಡರು. ಮತ್ತೆ ಎತ್ತಿ ಹಿಡಿದರು.

“ಆ ಡಬ್ಬಿ ಸುಟ್ಟ ಹೋಗಲಿ ಅಂತ ಶಿವಗ ಬೇಡಕೊಂಡಿದ್ದೆ. ಹೋತು. ಮಗಳಿಗೆ ನಿದ್ದಿ ಇಲ್ಲ. ನಾನs ಪಾಪ ಮಾಡಿದೆ ಅಂತ ಕುಂತಿದ್ದೆ ಇಲ್ಲೆ.”

ತಪ್ಪು ಒಪ್ಪಿಕೊಳ್ಳಲು ಬಂದವಳು ನಾನು, ಒಪ್ಪಿಕೊಳ್ಳುತ್ತಿದ್ದವರು ಅವರು. ಸುಳ್ಳು ಹೇಳಲ್ಲ, ಒಂದು ಗಳಿಗೆ ನನ್ನ ಎದೆ ಹಗುರಾಯ್ತು. ಯಜಮಾನರಿಗೇ ಬೇಡವಾಗಿದ್ದ ದನಿ, ಹೋದದ್ದೇ ಒಳ್ಳೇದಾಯ್ತಲ್ಲ ಅಂತ ಒಳಗೆ ಏನೋ ಒಂದು ಕುಣಿಯಿತು. ಎಷ್ಟು ಬೇಗ ದಾರಿ ಹುಡುಕುತ್ತೆ ನೋಡಿ ಈ ಮನಸ್ಸು. ಅವರು ಅದನ್ನು ಕಂಡರೋ ಏನೋ. “ಮಗಳಿಗೆ ಹೇಳವಾ. ನನ್ನ ಮುಂದs ಹೇಳು” ಅಂದರು.

ಮೇಡಂ ಬಂದರು. ನನ್ನನ್ನು ನೋಡಿ ಮುಖ ಅರಳಿತು. ಚೀಲ ಇಳಿಸುತ್ತಲೇ “ಸಿಕ್ತೇನ್ರೀ?” ಅಂದರು. ಆ ಮುಖಕ್ಕೆ ನಾನು ಹೇಳಬೇಕಾಯ್ತು. ಈ ಸಲ ಒಂದೇ ಉಸಿರಿಗೆ ಆಗಲಿಲ್ಲ. ಹಳೇ ಬೋರ್ಡು, ಚಿಪ್ಪು, ನೀವು ಫೋನ್ ಎತ್ತದೇ ಇದ್ದದ್ದು, ನಾನು ಅಳಿಸಿದ್ದು, ಅಂತ ತುಂಡು ತುಂಡಾಗಿ ಹೇಳಿದೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಬದುಕುತ್ತಿದ್ದೆ.

“ನಿಮಗ ಯಾವಾಗಿಂದ ಗೊತ್ತಿತ್ತು?”

“ಮೊದಲ ದಿನದಿಂದ ಮೇಡಂ.”

“ನಮ್ಮವ್ವನ ಹೆಸರು ಹೇಳಿದ್ದೆ ನಿಮಗ.”

“ಹೂಂ.”

“ಎಮ್ಮಿ ಹೆಸರು ಹೇಳಿದ್ದೆ. ಅಪ್ಪಗೂ ಹೇಳಿದ್ದಿಲ್ಲ ಅದನ್ನ. ನೀವು ಟ್ರೈ ಮಾಡಿ ಅಂದ್ರಿ.”

ದನಿ ಅಳಿಸಿದ್ದು ತಪ್ಪು, ಅದು ಕೈತಪ್ಪು. ಇದು ಅದಲ್ಲ. ಇಲ್ಲದ ಬಾಗಿಲಿನ ಮುಂದೆ ಅವರು ತಮ್ಮ ಎದೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸುತ್ತಿದ್ದರೆ, ನಾನು ಫೋನಿನಲ್ಲಿ ಕೂತು ಅದನ್ನೆಲ್ಲ ಈಸಿಕೊಂಡಿದ್ದೆ. ಅವರಪ್ಪ ಯಂತ್ರ ಎತ್ತಿ ಏನೋ ಹೇಳಲು ಹೋದರು. ಮೇಡಂ ಅವರ ಕಡೆ ತಿರುಗದೆ ಕೈ ಅಡ್ಡ ಹಿಡಿದು “ಸುಮ್ಮನಿರಪಾ” ಅಂದರು. ಅಂದವರು ಹಾಗೇ ನಿಂತುಬಿಟ್ಟರು. ಆ ಮಾತು ಅವರ ಕಿವಿಗೇ ಬಿತ್ತೋ ಏನೋ ನನಗೆ ಗೊತ್ತಿಲ್ಲ. ಆಮೇಲೆ ನನಗೆ “ನೀವು ಹೋಗ್ರಿ” ಅಂದರು.

ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಹಿಂದೆ ಹೆಜ್ಜೆ ಸದ್ದಾಯ್ತು. ಅವರಪ್ಪ. ಬೇಡ ಅಪ್ಪಾಜಿ, ನಾನು ಹೋಗ್ತೀನಿ ಅಂದರೂ ಕೇಳದೆ, ಯಂತ್ರ ಹಿಡಿದುಕೊಂಡು, ನನ್ನ ಮನೆ ಎಲ್ಲಿ ಅಂತ ಕೇಳಿ ತಿಳಿದುಕೊಳ್ಳುತ್ತಾ ಮಾಗಡಿ ರೋಡಿನ ತನಕ ಬಂದರು. ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸಬಾರದು ಅನ್ನೋ ಪದ್ಧತಿ, ಆಕೆ ಎಂಥವಳೇ ಆಗಿರಲಿ. ಒಂದು ಆಟೋಗೆ ಕೈ ಅಡ್ಡ ಹಾಕಿದರು. ನಿಂತಿತು. ಕುತ್ತಿಗೆಗೆ ಯಂತ್ರ ಒತ್ತಿ “ಬಸವೇಶ್ವರನಗರ” ಅಂದರು.

ಆಟೋದವನು ಬೆಚ್ಚಿ ಬಿದ್ದ. ಪಕ್ಕದ ಎಳನೀರಿನವನೂ ತಿರುಗಿ ನೋಡಿದ. ನಾನು ಹೇಳಬಹುದಿತ್ತು, ನನ್ನ ಬಡಾವಣೆ, ನನ್ನ ಬಾಯಿ. ಆಟೋ ಹತ್ತಿ ಮೂಲೆಗೆ ಸರಿದು ಕೂತೆ. ಅಷ್ಟರಲ್ಲಿ ಮೇಡಂ ಅಡ್ಡರಸ್ತೆಯಿಂದ ಬೇಗ ಬೇಗ ಬಂದರು, ಕೈಯಲ್ಲಿ ಒಗೆದ ವಸ್ತ್ರ. ಅವರಪ್ಪನ ಕುತ್ತಿಗೆಯದು ಜಾರಿತ್ತು, ಧೂಳು ಒಳಗೆ ಹೋಗುತ್ತೆ ಅಂತ ತಂದಿದ್ದರು. ನನ್ನ ಕಡೆ ನೋಡಲಿಲ್ಲ.

ಅವರಪ್ಪ ಆಟೋದವನಿಗೆ ಮತ್ತೆ ಹೇಳಿದರು. ಈ ಸಲ ಉದ್ದಕ್ಕೆ ಏನೋ ಹೇಳಿದರು. ಗುಂಯ್‌ಗುಡುವುದಷ್ಟೇ ಕೇಳಿಸಿತು.

ಆಟೋದವನು ಮೇಡಂ ಮುಖ ನೋಡಿದ. “ಏನಕ್ಕಾ, ಏನಂತಾರೆ ಇವರು?”

ಮೇಡಂ ಬಾಯಿ ತೆರೆದರು. ಉತ್ತರ ಹೇಳುವವರ ಹಾಗೇ ತೆರೆದರು, ಅಪ್ಪನ ಪರವಾಗಿ ಎಲ್ಲರಿಗೂ ಅವರೇ ಹೇಳಿ ಅಭ್ಯಾಸವಾಗಿರಬೇಕು. ಆದರೆ ಅಪ್ಪನ ಕಡೆ ತಿರುಗಿದರು.

“ನನಗೂ ತಿಳೀಲಿಲ್ಲ” ಅಂದರು. “ಇನ್ನೊಮ್ಮೆ ಅನ್ನಪಾ.”

ಹೇಳಿ, ಮಾಗಡಿ ರೋಡಿನ ಅಷ್ಟು ಗದ್ದಲದಲ್ಲಿ, ತಲೆ ಬಗ್ಗಿಸಿ ಕಿವಿಯನ್ನು ಅಪ್ಪನ ಬಾಯಿಯ ಹತ್ತಿರ ತಂದರು. ಅವರು ಇನ್ನೊಮ್ಮೆ ಹೇಳಿದರು. ಇವರು ತಲೆ ಅಲ್ಲಾಡಿಸಿದರು, ತಿಳಿಯಲಿಲ್ಲ. ಅವರು ಮತ್ತೊಮ್ಮೆ ಹೇಳಿದರು. ಆಟೋದವನು ಇಂಜಿನ್ ಆಫ್ ಮಾಡಿ ಕಾದ. ನಾನು ಒಳಗೆ ಕೂತು ಅಳುತ್ತಿದ್ದೆ, ನನ್ನನ್ನು ಯಾರೂ ನೋಡುತ್ತಿರಲಿಲ್ಲ.